ಸವದತ್ತಿಯ ರಟ್ಟರೂ ನಮ್ಮ ಹುಡುಗನ ರೆಸ್ಯೂಮೂ

ಶುಕ್ರವಾರ ಸಂಜೆ ಅಕ್ಕನ ಮಗ ಮನೆಗೆ ಬಂದ. ಹುಬ್ಬಳ್ಳಿಯಲ್ಲೇ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು, ಇಲ್ಲೇ ಒಂದು ಸಣ್ಣ ಕಂಪನಿಯಲ್ಲಿ ಜಾವಾ ಕೋಡ್ ಬರೆಯುತ್ತಾನೆ. ಬಗಲಲ್ಲಿ ಲ್ಯಾಪ್‌ಟಾಪು, ಮುಖದಲ್ಲಿ ಅರ್ಧ ಖುಷಿ, ಅರ್ಧ ಗಾಬರಿ.

"ಮಾಮಾ, ಸೋಮವಾರ ಇಂಟರ್‌ವ್ಯೂ ಐತ್ರಿ. ಬೆಂಗಳೂರು ಕಂಪನಿ. ವಿಡಿಯೊ ಕಾಲ್."

"ಛಲೋ ಆತಲ್ಲ. ಮತ್ತ ಮಾರಿ ಯಾಕ ಹಿಂಗ ಮಾಡ್ಕೊಂಡಿ?"

"ರೆಸ್ಯೂಮಿನ್ಯಾಗ ಕುಬರ್ನೆಟಿಸ್ ಅಂತ ಹಾಕೀನ್ರಿ. ಅದನ್ನ ನೋಡೇ ಕರದಾರ. ಖರೇ ಹೇಳ್ಬೇಕಂದ್ರ ನನಗ ಅದು ಬರೂದಿಲ್ರಿ."

ಕುಬರ್ನೆಟಿಸ್ ಅಂದರೆ ಒಂದೇ ಸಾಫ್ಟ್‌ವೇರನ್ನು ಹತ್ತಾರು ಯಂತ್ರಗಳ ಮೇಲೆ ಹಂಚಿ ಓಡಿಸುವ, ಒಂದು ಬಿದ್ದರೆ ಇನ್ನೊಂದನ್ನು ಎಬ್ಬಿಸುವ ವ್ಯವಸ್ಥೆ. ಇವನು ಅದರ ಮೇಲೆ ಎರಡು ದಿನದ ಒಂದು ವರ್ಕ್‌ಶಾಪಿಗೆ ಹೋಗಿದ್ದ. ಸರ್ಟಿಫಿಕೇಟೂ ಇದೆ. ಅಷ್ಟೇ. ಈಗ ಶನಿವಾರ, ಭಾನುವಾರ ಯೂಟ್ಯೂಬ್ ನೋಡಿ ಕಲಿತುಬಿಡಬೇಕು ಅನ್ನುವುದು ಅವನ ಯೋಜನೆ.

ಫೈಲು ತೆರೆದು ನೋಡಿದೆ. ಕೊನೆಯ ಪುಟದ ಕೆಳಗೆ ಯಾಕೋ ಜಾಸ್ತಿ ಖಾಲಿ ಜಾಗ. ಎಲ್ಲವನ್ನೂ ಸೆಲೆಕ್ಟ್ ಮಾಡಿದರೆ, ಆ ಖಾಲಿ ಜಾಗದಲ್ಲಿ ಬಿಳಿ ಬಣ್ಣದ, ಇರುವೆಯಷ್ಟು ಸಣ್ಣ ಅಕ್ಷರಗಳು! ಕಂಪನಿಯ ಜಾಹೀರಾತನ್ನೇ ಪೂರ್ತಿ ಕಾಪಿ ಮಾಡಿ ಅಂಟಿಸಿದ್ದ.

"ಇದೇನಲೇ?"

"ಎಲ್ಲಾರೂ ಮಾಡ್ತಾರ್ರಿ ಮಾಮಾ. ಮನಷ್ಯಾರಿಗೆ ಕಾಣೂದಿಲ್ಲ, ಸಾಫ್ಟ್‌ವೇರಿಗೆ ಕಾಣ್ತೈತಿ."

ನಾನು ಬೈಯಲಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ನನ್ನ ಮೊದಲ ಕೆಲಸದ ಹುಡುಕಾಟದಲ್ಲಿ ನಾನು 'ಜರ್ಮನ್ ಭಾಷೆ ಬಲ್ಲೆ' ಅಂತ ಬರೆದವನು. ಒಂದು ತಿಂಗಳು ಕ್ಲಾಸಿಗೆ ಹೋಗಿದ್ದು ನಿಜ. ಇಂಟರ್‌ವ್ಯೂ ಮಾಡಿದ ಹೆಣ್ಣುಮಗಳು ಕುರ್ಚಿಗೆ ಒರಗಿ, ನಗುತ್ತ, ಜರ್ಮನ್ನಿನಲ್ಲೇ ಏನೋ ಕೇಳಿದರು. ಏನು ಕೇಳಿದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯಗಳ ಬಗ್ಗೆ ಕೇಳಿದರೂ ಅವರು ನನ್ನ ಉತ್ತರಗಳನ್ನು ನಂಬಿದಂತೆ ಕಾಣಲಿಲ್ಲ. ಒಂದು ಸುಳ್ಳು ಪದ ಪಕ್ಕದ ಹತ್ತು ನಿಜವಾದ ಪದಗಳನ್ನೂ ತಿಂದುಹಾಕಿತ್ತು.

ಹಾಗಾಗಿ ಅವತ್ತು ಗಿರ್ಮಿಟ್, ಮಿರ್ಚಿ ತಿನ್ನುತ್ತ ಅವನಿಗೆ ಉಪದೇಶದ ಬದಲು ಇತಿಹಾಸ ಹೇಳಿದೆ. ಆ ಮಾತನ್ನೇ ಸ್ವಲ್ಪ ನೆಟ್ಟಗೆ ಮಾಡಿ ಇಲ್ಲಿ ಬರೆದಿದ್ದೇನೆ. ಯಾಕೆಂದರೆ ಈ ಕೀವರ್ಡ್ ಅನ್ನುವುದು ಬೆಂಗಳೂರಿನ ಎಚ್‌ಆರ್‌ಗಳು ಕಂಡುಹಿಡಿದದ್ದಲ್ಲ. ನಮ್ಮ ಸೀಮೆಯಲ್ಲಿ ಅದಕ್ಕೆ ಸಾವಿರ ವರ್ಷಕ್ಕೂ ಹಳೆಯ ಹೆಸರಿದೆ: ಬಿರುದು.

ನಮ್ಮ ಸುತ್ತಮುತ್ತಲಿನ ಯಾವುದಾದರೂ ಕಲ್ಯಾಣ ಚಾಲುಕ್ಯರ ಕಾಲದ ಶಾಸನವನ್ನು ನೋಡಿ. ಕಲ್ಲಿನ ತಲೆಯ ಮೇಲೆ ಸೂರ್ಯ, ಚಂದ್ರ, ಲಿಂಗ, ಹಸು-ಕರು. ಅದರ ಕೆಳಗೆ ಸ್ವಸ್ತಿ ಅಂತ ಶುರುವಾಗಿ ಬಿರುದುಗಳ ಮೆರವಣಿಗೆ: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ, ಸತ್ಯಾಶ್ರಯಕುಲತಿಲಕ, ಚಾಲುಕ್ಯಾಭರಣ. ಇಷ್ಟಾದ ಮೇಲೆ ರಾಜನ ಹೆಸರು. ರಾಜ ಬದಲಾದರೂ ಈ ಸಾಲು ಹೆಚ್ಚುಕಡಿಮೆ ಹಾಗೇ ಇರುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಟೆಂಪ್ಲೇಟು, ಹೆಸರೊಂದು ಬದಲಾಯಿಸಿದರೆ ಮುಗಿಯಿತು.

ಹಾಗಾದರೆ ಈ ಬಿರುದುಗಳೆಲ್ಲ ದಂಡವೇ? ಅಲ್ಲ. ಒಂದನೇ ಸೋಮೇಶ್ವರ 'ತ್ರೈಲೋಕ್ಯಮಲ್ಲ', ಅವನ ಮಗ ಎರಡನೇ ಸೋಮೇಶ್ವರ 'ಭುವನೈಕಮಲ್ಲ', ಇನ್ನೊಬ್ಬ ಮಗ ಆರನೇ ವಿಕ್ರಮಾದಿತ್ಯ 'ತ್ರಿಭುವನಮಲ್ಲ'. ಮೂರು ಲೋಕಕ್ಕೆ ಒಬ್ಬನೇ ಮಲ್ಲ ಅನ್ನುವ ಮಾತನ್ನು ಯಾವ ಇತಿಹಾಸಕಾರನೂ ನಂಬುವುದಿಲ್ಲ. ಆದರೆ ಒಡೆದ ಕಲ್ಲಿನ ಮೇಲೆ 'ಭುವನೈಕಮಲ್ಲ' ಅಂತ ನಾಲ್ಕಕ್ಷರ ಉಳಿದಿದ್ದರೂ ಸಾಕು, ಅದು ಯಾರ ಕಾಲದ್ದಿರಬಹುದು ಅಂತ ಹುಡುಕಲು ಜಾಗ ಸಿಕ್ಕಿತು. ಬಿರುದಿನಿಂದ ಅವನ ಶೌರ್ಯ ರುಜುವಾಗುವುದಿಲ್ಲ, ಅವನು ಯಾರು ಅಂತ ಪತ್ತೆ ಹಚ್ಚಲು ಮಾತ್ರ ಅನುಕೂಲ. ಅದೂ ಪೂರ್ತಿಯಲ್ಲ. 'ಜಗದೇಕಮಲ್ಲ' ಅನ್ನುವ ಬಿರುದು ಇಬ್ಬರಿಗಿತ್ತು, ಇಬ್ಬರ ನಡುವೆ ನೂರು ವರ್ಷಕ್ಕೆ ಹತ್ತಿರದ ಅಂತರ. ಬಿರುದು ಸಿಕ್ಕಮೇಲೆ ತಾರೀಖು, ಊರು, ಅಧಿಕಾರಿಗಳ ಹೆಸರು ನೋಡಲೇಬೇಕು.

ಇಂದಿನ ಎಟಿಎಸ್ ಅನ್ನುವ ಸಾಫ್ಟ್‌ವೇರ್ ಮಾಡುವುದೂ ಇಷ್ಟೇ. ನೌಕರಿ ಡಾಟ್ ಕಾಮ್ ಶುರುವಾದದ್ದು 1997ರಲ್ಲಿ. ಅದಕ್ಕೂ ಮೊದಲು ಅರ್ಜಿಯ ಕಟ್ಟನ್ನು ಮನುಷ್ಯರು ಮಗುಚುತ್ತಿದ್ದರು. ಈಗ ನೀವು ಕಳಿಸಿದ ಫೈಲಿನಿಂದ ಬರೀ ಅಕ್ಷರಗಳನ್ನು ಕಿತ್ತು ಸಾಫ್ಟ್‌ವೇರ್ ಒಂದು ಕಡೆ ಇಡುತ್ತದೆ. ಆ ಕಡೆ ಕುಳಿತವರು 'ಜಾವಾ', 'ಸ್ಪ್ರಿಂಗ್ ಬೂಟ್', 'ಹುಬ್ಬಳ್ಳಿ' ಅಂತ ಹುಡುಕುತ್ತಾರೆ. ಪದವಿದ್ದವರು ಮೇಲೆ ಬರುತ್ತಾರೆ, ಇಲ್ಲದವರು ಕೆಳಗೆ ಉಳಿಯುತ್ತಾರೆ. ನೀವು ಹತ್ತು ವರ್ಷ ಜಾವಾದಲ್ಲೇ ಮುಳುಗಿದ್ದರೂ 'ಬ್ಯಾಕೆಂಡ್ ಕೆಲಸ ಮಾಡಿದ್ದೇನೆ' ಅಂತ ಮಾತ್ರ ಬರೆದಿದ್ದರೆ ಆ ಹುಡುಕಾಟಕ್ಕೆ ನೀವು ಸಿಗದೇ ಹೋಗಬಹುದು. ಹಾಗಾಗಿ ಕೀವರ್ಡ್ ಹಾಕುವುದು ತಪ್ಪಲ್ಲ, ಹಾಕದಿರುವುದೇ ದಡ್ಡತನ. ಪ್ರಶ್ನೆ ಇರುವುದು, ಹುಡುಕಿ ಸಿಕ್ಕಮೇಲೆ ಅಲ್ಲಿ ಏನಿದೆ ಅನ್ನುವುದರಲ್ಲಿ.

"ಅಂದ್ರ ಬಿರುದು ಹಾಕ್ಕೊಳ್ಳೂದು ತಪ್ಪಲ್ಲ ಅಂದಂಗಾತಲ್ರಿ?" ಅಂದ ಹುಡುಗ. ಸ್ವಲ್ಪ ಶಾಣ್ಯಾ ಇದ್ದಾನೆ.

ಅದಕ್ಕೇ ಸವದತ್ತಿಯ ರಟ್ಟರ ಕಥೆ ಹೇಳಬೇಕಾಯಿತು. ಧಾರವಾಡದಿಂದ ಸವದತ್ತಿ ಒಂದು ತಾಸಿನ ದಾರಿ. ಹತ್ತನೇ ಶತಮಾನದಿಂದ ಹದಿಮೂರನೆಯವರೆಗೆ ರಟ್ಟರು ಮೊದಲು ಅಲ್ಲಿಂದ, ಆಮೇಲೆ ಬೆಳಗಾವಿಯಿಂದ ಆಳಿದವರು. ಅವರ ಶಾಸನಗಳಲ್ಲಿ ಅವರ ಬಿರುದು 'ಲತ್ತಲೂರಪುರವರಾಧೀಶ್ವರ', ಅಂದರೆ ಶ್ರೇಷ್ಠ ಪಟ್ಟಣವಾದ ಲತ್ತಲೂರಿನ ಒಡೆಯ. ಆ ಲತ್ತಲೂರು ಅಂದರೆ ಇವತ್ತಿನ ಮಹಾರಾಷ್ಟ್ರದ ಲಾತೂರು. ಸವದತ್ತಿಯಲ್ಲಿ ಕೂತವರು ಲಾತೂರಿನ ಒಡೆಯರು ಹೇಗಾದರು? ಅದೇ ರೀತಿ ಗೋವೆಯ ಕದಂಬರು ತಮ್ಮನ್ನು 'ಬನವಾಸಿಪುರವರಾಧೀಶ್ವರ' ಅಂತ ಕರೆದುಕೊಂಡರು. ಅವರಿದ್ದದ್ದು ಗೋವೆ, ಹಲಸಿಯ ಕಡೆ.

ಇದು ಸುಳ್ಳಾ? ಅವತ್ತಿನ ಓದುಗನಿಗೆ ಅದು ಸುಳ್ಳಾಗಿರಲಿಲ್ಲ. ಇವರ ಮನೆತನದ ಮೂಲ ಅಲ್ಲಿಯದು ಅನ್ನುವುದನ್ನು ಹೇಳುವ ರೂಢಿಯ ಮಾತು ಅದು. ರಟ್ಟರು ರಾಷ್ಟ್ರಕೂಟರ ನಂಟು ಹೇಳಿಕೊಳ್ಳುತ್ತಿದ್ದರು, ರಾಷ್ಟ್ರಕೂಟರಿಗೂ ಅದೇ ಲತ್ತಲೂರಿನ ಬಿರುದಿತ್ತು. ಕೆತ್ತಿಸಿದವನಿಗೂ ಓದಿದವನಿಗೂ ಅದರ ಅರ್ಥ ಒಂದೇ ಆಗಿತ್ತು. ಮೋಸ ಶುರುವಾಗುವುದು ಬರೆದವನು ಒಂದು ಅರ್ಥ ಇಟ್ಟುಕೊಂಡು, ಓದುವವನು ಇನ್ನೊಂದು ತಿಳಿಯಲಿ ಅಂತ ಕಾಯುವಾಗ.

ನಮ್ಮ ಅಡ್ಡಹೆಸರುಗಳನ್ನೇ ನೋಡಿ. ಕುಲಕರ್ಣಿ ಅಂದರೆ ಊರ ಲೆಕ್ಕ ಬರೆಯುವವನು, ಬಡಿಗೇರ ಅಂದರೆ ಮರಗೆಲಸದವನು, ಪತ್ತಾರ ಅಂದರೆ ಬಂಗಾರದ ಕೆಲಸದವನು. ಹುಬ್ಬಳ್ಳಿಯಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಅನ್ನುವವರೂ ಸಿಗುತ್ತಾರೆ. ಒಂದು ಕಾಲಕ್ಕೆ ಇವೆಲ್ಲ ಕೀವರ್ಡುಗಳೇ. ಕೆಲಸ ಬಿಟ್ಟು ತಲೆಮಾರುಗಳಾದರೂ ಪದ ಉಳಿದಿದೆ, ಮತ್ತು ಎಲ್ಲರಿಗೂ ಅದು ಗೊತ್ತು. ಕುಲಕರ್ಣಿಯವರ ಮಗನಿಗೆ ಲೆಕ್ಕ ಬರದಿದ್ದರೆ ಯಾರೂ ಮೋಸ ಅನ್ನುವುದಿಲ್ಲ. ಆದರೆ ಅದೇ ಹುಡುಗ ರೆಸ್ಯೂಮಿನಲ್ಲಿ 'ಟ್ಯಾಲಿ' ಅಂತ ಬರೆದರೆ ಜಿಎಸ್‌ಟಿ ಎಂಟ್ರಿ ಹಾಕಿ ತೋರಿಸು ಅನ್ನುತ್ತಾರೆ. ರೆಸ್ಯೂಮಿನ 'ಸ್ಕಿಲ್ಸ್' ಪಟ್ಟಿಯಲ್ಲಿರುವ ಪದವನ್ನು ಓದುವವರು ಮನೆತನದ ಹೆಸರಿನ ಹಾಗೆ ಓದುವುದಿಲ್ಲ, 'ಇದು ನನಗೆ ಬರುತ್ತದೆ' ಅಂತ ಓದುತ್ತಾರೆ. ಹುಡುಗನ ಕುಬರ್ನೆಟಿಸ್ ಎಡವಿದ್ದು ಅಲ್ಲೇ.

ಸರಿ, ಹಾಗಾದರೆ ಹೊಗಳಿಕೆಯ ನಡುವೆ ನಿಜ ಯಾವುದು ಅಂತ ಗುರುತಿಸುವುದು ಹೇಗೆ? ಈ ಪ್ರಶ್ನೆಯ ಜೊತೆ ಧಾರವಾಡಕ್ಕೆ ಹಳೆಯ ನಂಟಿದೆ. 1824ರ ಕಿತ್ತೂರಿನ ಕದನದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತಾಗ, ಕಿತ್ತೂರಿನವರ ಕೈಗೆ ಸೆರೆ ಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಬಿಡುಗಡೆಯಾದ ಮೇಲೂ ಅವನು ಈ ಸೀಮೆಯಲ್ಲೇ ವರ್ಷಗಟ್ಟಲೆ ಇದ್ದ. ಊರೂರಿನ ಶಾಸನಗಳನ್ನು ನಕಲು ಮಾಡಿಸಿ 595 ಪಾಠಗಳ ಸಂಗ್ರಹ ಕಟ್ಟಿದ. ಆ ಮೇಲೆ ಬಂದ ಫ್ಲೀಟ್ ಆ ಕೆಲಸವನ್ನು ಮುಂದಕ್ಕೆ ಒಯ್ದ. 1939ರಲ್ಲಿ ಧಾರವಾಡದಲ್ಲೇ ಕನ್ನಡ ಸಂಶೋಧನಾ ಸಂಸ್ಥೆ ಶುರುವಾಯಿತು.

ಹೀಗೆ ಕಲ್ಲು ಓದುತ್ತ ಬಂದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ದಾನಶಾಸನದಲ್ಲಿ ಮೊದಲ ಭಾಗ ಹೊಗಳಿಕೆ. ಆಮೇಲೆ ಒಂದು ಕಡೆ ದನಿ ಬದಲಾಗುತ್ತದೆ. ಇಂಥ ಶಕವರ್ಷ, ಇಂಥ ತಿಥಿ, ಇಂಥ ವಾರ. ಇಂಥ ಊರಿನ ಇಂಥ ದೇವರಿಗೆ ಇಷ್ಟು ಮತ್ತರು ಹೊಲ, ಇಷ್ಟು ಗದ್ಯಾಣ ಹೊನ್ನು. ಎಷ್ಟೋ ಕಡೆ ಆ ಹೊಲವನ್ನು ಯಾವ ಕೋಲಿನಿಂದ ಅಳೆದದ್ದು ಅನ್ನುವುದನ್ನೂ ಬರೆದಿರುತ್ತಾರೆ, ಯಾಕೆಂದರೆ ಊರಿಗೊಂದು ಅಳತೆಯ ಕೋಲು ಇತ್ತು. ಮೂಡಣಕ್ಕೆ ಯಾರ ಹೊಲ, ಪಡುವಣಕ್ಕೆ ಯಾವ ಹಳ್ಳ ಅಂತ ಮೇರೆ. ಕೊನೆಗೆ, ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ ಅಂತ ಶಾಪ.

ಬಿರುದಿನ ಭಾಗದಲ್ಲಿ ಎಷ್ಟು ಬೇಕಾದರೂ ಏರಿಸಬಹುದು. ಮತ್ತರಿನ ಭಾಗದಲ್ಲಿ ಸುಳ್ಳು ಹೇಳುವುದು ಕಷ್ಟ. ಹೊಲ ಅಲ್ಲೇ ಇದೆ, ಪಕ್ಕದ ಹೊಲದವನು ಬದುಕಿದ್ದಾನೆ, ಅಳೆದು ನೋಡಬಹುದು. ಇತಿಹಾಸಕಾರರು ಹೆಚ್ಚು ಭಾರ ಹಾಕುವುದು ಈ ಎರಡನೇ ಭಾಗದ ಮೇಲೆ. ಇಂಟರ್‌ವ್ಯೂ ಮಾಡುವವರೂ ಅಷ್ಟೇ.

ಹುಡುಗನ ರೆಸ್ಯೂಮಿನಲ್ಲಿ ಒಂದು ಸಾಲಿತ್ತು: 'ಪರ್ಫಾರ್ಮನ್ಸ್ ಅನ್ನು ಶೇ. 40ರಷ್ಟು ಹೆಚ್ಚಿಸಿದೆ.'

"ಯಾವ ಕೋಲಿನಿಂದ ಅಳದಿ?" ಅಂತ ಕೇಳಿದೆ.

ತಲೆ ಕೆರೆದುಕೊಂಡ. ಆಮೇಲೆ ಹೇಳಿದ: ತಿಂಗಳ ಕೊನೆಯ ಒಂದು ರಿಪೋರ್ಟು 50 ನಿಮಿಷ ತೆಗೆದುಕೊಳ್ಳುತ್ತಿತ್ತು, ಇವನು ಎಸ್‌ಕ್ಯುಎಲ್ ತಿದ್ದಿದ ಮೇಲೆ 30 ನಿಮಿಷಕ್ಕೆ ಬಂತು. "ಇದನ್ನ ಯಾಕ ಬರದಿಲ್ಲೋ?" ಅಂದೆ. "ಇದು ಸಣ್ಣ ಕೆಲಸ ಅಲ್ರಿ ಮಾಮಾ" ಅಂದ. ಅವನ ಇಡೀ ಎರಡು ಪುಟದಲ್ಲಿ ನನಗೆ ಅದಕ್ಕಿಂತ ದೊಡ್ಡದು ಇನ್ನೇನೂ ಕಂಡಿರಲಿಲ್ಲ.

ಬಿರುದೂ ಕೆಲಸವೂ ಪಕ್ಕಪಕ್ಕ ಕೂತರೆ ಹೇಗಿರುತ್ತದೆ ಅನ್ನುವುದಕ್ಕೆ ಹುಬ್ಬಳ್ಳಿಯಿಂದ ದೂರ ಹೋಗಬೇಕಿಲ್ಲ. ಗದಗಿನ ಆಚೆ ಲಕ್ಕುಂಡಿಗೆ ಹೋದರೆ ಸಾಕು. ಅತ್ತಿಮಬ್ಬೆಯ ಬಿರುದು 'ದಾನಚಿಂತಾಮಣಿ'. ಬರೀ ಪದವಾಗಿದ್ದರೆ ಅದೂ ನೂರರಲ್ಲಿ ಒಂದು. ಆದರೆ ಅದರ ಜೊತೆ ಬರುವ ಮಾತು ನೋಡಿ: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಸಿ ಹಂಚಿದಳು. ಪ್ರೆಸ್ಸಿಲ್ಲದ ಕಾಲದಲ್ಲಿ, ಒಂದೊಂದನ್ನೂ ಒಬ್ಬ ಲಿಪಿಕಾರ ಕೂತು ಕೊರೆಯಬೇಕಾದ ಕಾಲದಲ್ಲಿ. ರನ್ನನಿಂದ ಅಜಿತಪುರಾಣ ಬರೆಸಿದಳು, ಅದು 993ರಲ್ಲಿ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, 1007ರ ಶಾಸನವಿದೆ. ಅವಳನ್ನು ಹೊಗಳಿದ ರನ್ನ ಅವಳ ಆಶ್ರಯದಲ್ಲಿದ್ದವನು, ಹಾಗಾಗಿ ಅವನ ಮಾತಿಗೆ ಸ್ವಲ್ಪ ಕಡಿತ ಮಾಡಿಯೇ ಓದೋಣ. ಆದರೂ ಬ್ರಹ್ಮ ಜಿನಾಲಯ ಇವತ್ತಿಗೂ ನಿಂತಿದೆ, ಹೋಗಿ ಮುಟ್ಟಿ ಬರಬಹುದು.

ಇನ್ನು ರೆಫರೆನ್ಸ್ ಚೆಕ್. ಐಹೊಳೆಯ ಮೇಗುಟಿ ಬಸದಿಯ ಶಾಸನ ನಿಮಗೆ ಸ್ಕೂಲಿನಿಂದಲೇ ಗೊತ್ತು. ಶಕ 556, ಅಂದರೆ ಕ್ರಿ.ಶ. 634-35. ಬರೆದವನು ರವಿಕೀರ್ತಿ, ಹೊಗಳಿಸಿಕೊಂಡವನು ಇಮ್ಮಡಿ ಪುಲಿಕೇಶಿ. ಉತ್ತರದ ಹರ್ಷನ ಹರ್ಷವೇ ಹೋಯಿತು ಅಂತ ಅಲ್ಲೊಂದು ಶ್ಲೇಷೆ ಇದೆ. ಆಸ್ಥಾನದ ಕವಿ ಹೇಳಿದ್ದು, ನಂಬುವುದೋ ಬಿಡುವುದೋ? ಇಲ್ಲಿ ಹೊರಗಿನ ಸಾಕ್ಷಿ ಸಿಗುತ್ತದೆ. ಚೀನದಿಂದ ಬಂದ ಹ್ಯೂಯೆನ್‌ತ್ಸಾಂಗ್ ಹರ್ಷನಿಂದ ಸತ್ಕಾರ ಪಡೆದವನು, ಹರ್ಷನನ್ನು ಬಾಯಿತುಂಬ ಹೊಗಳಿದವನು. ಆದರೂ ಈ ಒಬ್ಬ ರಾಜನನ್ನು ಬಗ್ಗಿಸಲು ಹರ್ಷನಿಗೆ ಆಗಲಿಲ್ಲ ಅಂತ ಅವನೇ ಬರೆದಿಟ್ಟ. ಎದುರಾಳಿಯ ಮನೆಯ ಅತಿಥಿ ಕೊಟ್ಟ ರೆಫರೆನ್ಸಿಗಿಂತ ಗಟ್ಟಿ ಇನ್ನೇನು ಬೇಕು?

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಪಲ್ಲವರ ರಾಜ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಬೇಕಾಯಿತು ಅಂತ. ಬರೆದ ದಿನಕ್ಕೆ ಅದೂ ನಿಜವೇ. ಆದರೆ ಹತ್ತು ವರ್ಷದೊಳಗೆ ಪಲ್ಲವ ನರಸಿಂಹವರ್ಮ ಬಾದಾಮಿಗೇ ನುಗ್ಗಿದ. 'ವಾತಾಪಿಕೊಂಡ' ಅಂತ ಅವನಿಗೆ ಬಿರುದಾಯಿತು, ಅವನ ಶಾಸನ ಬಾದಾಮಿಯ ಬಂಡೆಯ ಮೇಲೇ ಇದೆ. ಹಳೆಯ ಕೀವರ್ಡು ಕಲ್ಲಿನ ಮೇಲಿದೆ ಅಂತ ಶಾಶ್ವತವಲ್ಲ. ಐದು ವರ್ಷದ ಹಿಂದೆ ಕಲಿತು ಕೈಬಿಟ್ಟ ಪೈಥಾನ್ ಇವತ್ತೂ ನಿಮ್ಮದೇ ಅಂತ ಬರೆಯುವ ಮುಂಚೆ ಒಮ್ಮೆ ಬಾದಾಮಿಯನ್ನು ನೆನೆಸಿಕೊಳ್ಳಿ.

ಹುಡುಗ ಮಿರ್ಚಿಯ ತಟ್ಟೆ ಪಕ್ಕಕ್ಕಿಟ್ಟು ಕೇಳಿದ: "ಎಲ್ಲಾ ಖರೇ ಮಾಮಾ. ಆದ್ರ ಪದಾ ಹಾಕ್ಲಿಲ್ಲ ಅಂದ್ರ ಜರಡಿಯೊಳಗ ನಾ ಉಳೀಬೇಕಲ್ರಿ? ಕರೀಲಿಲ್ಲ ಅಂದ್ರ ಖರೇ ಹೇಳಾಕರ ಚಾನ್ಸ್ ಎಲ್ಲೈತ್ರಿ?"

ಇದು ನ್ಯಾಯವಾದ ಪ್ರಶ್ನೆ. ಜರಡಿಯೇ ತಪ್ಪಾಗಿರಬಹುದು. ನಮ್ಮ ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿ 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದಾಗ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದ ಕಥೆಯನ್ನು ಅವರೇ ಬರೆದಿದ್ದಾರೆ. ಕೊನೆಯಲ್ಲೊಂದು ಸಾಲು: ಮಹಿಳೆಯರು ಅರ್ಜಿ ಹಾಕಬೇಕಿಲ್ಲ. ಅವರು ಒಂದು ಪೋಸ್ಟ್‌ಕಾರ್ಡಿನಲ್ಲಿ ಜೆ.ಆರ್.ಡಿ. ಟಾಟಾ ಅವರಿಗೇ ಬರೆದು ಈ ನಿಯಮ ಸರಿಯಲ್ಲ ಅಂದರು. ಪುಣೆಗೆ ಇಂಟರ್‌ವ್ಯೂಗೆ ಬರಲು ಟೆಲಿಗ್ರಾಂ ಬಂತು. ಅಲ್ಲಿ ಅವರಿಗೆ ಕೇಳಿದ್ದು ಟೆಕ್ನಿಕಲ್ ಪ್ರಶ್ನೆಗಳನ್ನು, ಉತ್ತರ ಗೊತ್ತಿತ್ತು, ಕೆಲಸ ಸಿಕ್ಕಿತು.

ಈ ಕಥೆಯನ್ನು ನಾವು ಧೈರ್ಯದ ಕಥೆಯಾಗಿ ಹೇಳುತ್ತೇವೆ. ನನಗೆ ಅದರಲ್ಲಿ ಕಾಣುವುದು ಇನ್ನೊಂದು. ಅವರು ಜರಡಿಯನ್ನು ಮೋಸ ಮಾಡಲಿಲ್ಲ, ಅದು ತಪ್ಪು ಅಂತ ಹೆಸರು ಹಾಕಿ ಹೇಳಿದರು. ಹೇಳಲು ಆದದ್ದು, ಓದಿನ ವಿಷಯದಲ್ಲಿ ಜಾಹೀರಾತು ಕೇಳಿದ್ದೆಲ್ಲ ಅವರ ಬಳಿ ನಿಜವಾಗಿಯೂ ಇದ್ದದ್ದಕ್ಕೆ. ಎಲ್ಲರ ಪೋಸ್ಟ್‌ಕಾರ್ಡಿಗೂ ಟೆಲಿಗ್ರಾಂ ಬರುವುದಿಲ್ಲ, ಅದು ನನಗೂ ಗೊತ್ತು. ಪ್ರಾಮಾಣಿಕವಾಗಿ ಬರೆದ ರೆಸ್ಯೂಮು ಕೆಲವು ಕಡೆ ಕೆಳಗೆ ಉಳಿಯುತ್ತದೆ. ಆ ನಷ್ಟ ನಿಜವೇ. ಆದರೆ ಸುಳ್ಳು ಪದದಿಂದ ಸಿಗುವುದು ಬರೀ ಬಾಗಿಲು. ಒಳಗೆ ಹೋದಮೇಲೆ ನನ್ನ ಜರ್ಮನ್ನಿನ ಗತಿ.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಅವತ್ತು ರಾತ್ರಿ ನಾವಿಬ್ಬರೂ ಕೂತು ಮಾಡಿದ್ದು ಇಷ್ಟು. ಮೊದಲು ಬಿಳಿ ಅಕ್ಷರಗಳನ್ನು ಅಳಿಸಿದೆವು. ಸಾಫ್ಟ್‌ವೇರ್ ಬರೀ ಅಕ್ಷರಗಳನ್ನು ಕಿತ್ತು ಪರದೆಯ ಮೇಲೆ ಹಾಕುವಾಗ ಬಣ್ಣ ಉಳಿಯುವುದಿಲ್ಲ, ಅಡಗಿಸಿದ್ದೆಲ್ಲ ಕಪ್ಪಾಗಿ ಎದ್ದು ಕಾಣಬಹುದು. ಆಮೇಲೆ ಜಾಹೀರಾತನ್ನು ಸಾಲುಸಾಲಾಗಿ ಓದಿದೆವು. ಅವನು ನಿಜವಾಗಿ ಮಾಡಿದ ಕೆಲಸಕ್ಕೆ ಕಂಪನಿಯವರು ಬಳಸಿದ ಪದ ಬೇರೆ ಇದ್ದರೆ, ಅವರ ಪದವನ್ನೇ ಹಾಕಿದೆವು. ಅವನು 'ಡೇಟಾಬೇಸ್ ಕೆಲಸ' ಅಂದದ್ದನ್ನು ಅವರು 'ಎಸ್‌ಕ್ಯುಎಲ್ ಆಪ್ಟಿಮೈಜೇಶನ್' ಅನ್ನುತ್ತಿದ್ದರು. ಹೀಗೆ ಹುಡುಕಿದರೆ, ಇಲ್ಲ ಅಂದುಕೊಂಡ ಐದು ಪದಗಳು ಅವನ ಬಳಿಯೇ ಇದ್ದವು. ಸಂಕ್ಷಿಪ್ತ ರೂಪ, ಪೂರ್ಣ ರೂಪ ಎರಡನ್ನೂ ಒಂದೊಂದು ಕಡೆ ಬರೆದೆವು. ಪ್ರತಿ ಪದಕ್ಕೂ ಕೆಳಗಿನ ಅನುಭವದ ಭಾಗದಲ್ಲಿ ಒಂದು ಮತ್ತರಿನ ಸಾಲು: ಎಲ್ಲಿ, ಯಾವಾಗ, ಎಷ್ಟು, ಯಾವ ಕೋಲಿನಿಂದ. ಐದು ನಿಮಿಷ ಮಾತಾಡಲಾಗದ ಪದಗಳನ್ನು ಪಟ್ಟಿಯಿಂದ ತೆಗೆದೆವು.

ಕುಬರ್ನೆಟಿಸ್ ಉಳಿಯಿತು, ಆದರೆ ಜಾಗ ಬದಲಾಯಿತು. 'ಸ್ಕಿಲ್ಸ್' ಪಟ್ಟಿಯಿಂದ ಇಳಿದು 'ತರಬೇತಿ' ಅನ್ನುವ ತಲೆಬರಹದ ಕೆಳಗೆ ಬಂತು: 'ಕುಬರ್ನೆಟಿಸ್ ಪರಿಚಯ, 2 ದಿನದ ವರ್ಕ್‌ಶಾಪ್.' ಹುಡುಕಿದರೆ ಪದ ಸಿಗುತ್ತದೆ. ಓದಿದರೆ ಎಷ್ಟು ಗೊತ್ತು ಅನ್ನುವುದೂ ತಿಳಿಯುತ್ತದೆ.

ಉಳಿದದ್ದು ಈಗಾಗಲೇ ಕಳಿಸಿಬಿಟ್ಟ ಹಳೆಯ ಪ್ರತಿ. ಅದಕ್ಕೆ ಅಡ್ಡದಾರಿ ಇರಲಿಲ್ಲ. ತಿದ್ದಿದ ಪ್ರತಿಯನ್ನು, ಹಿಂದಿನದರಲ್ಲಿ ಕುಬರ್ನೆಟಿಸ್ ಬಗ್ಗೆ ಹೆಚ್ಚಾಗಿ ಬರೆದಿದ್ದೆ, ಕ್ಷಮಿಸಿ, ಅನ್ನುವ ಎರಡು ಸಾಲಿನ ಜೊತೆ ಕಳಿಸು ಅಂದೆ. ಬಹಳ ಹೊತ್ತು ಸುಮ್ಮನೆ ಕೂತ. "ಕ್ಯಾನ್ಸಲ್ ಮಾಡಿದ್ರ?" ಅಂದ. "ಮಾಡಬಹುದು" ಅಂದೆ. ಬೇರೆ ಏನು ಹೇಳಲಿ? ಅವನ ಸೋಮವಾರ ಅದು, ನನ್ನದಲ್ಲ. ರಾತ್ರಿ ಹನ್ನೊಂದೂವರೆಗೆ ಕಳಿಸಿದೆ ಅಂತ ಮೆಸೇಜು ಬಂತು.

ಸೋಮವಾರ ಮಧ್ಯಾಹ್ನ ಫೋನು.

"ಮಾಮಾ, ಕ್ಯಾನ್ಸಲ್ ಮಾಡ್ಲಿಲ್ರಿ. ಕುಬರ್ನೆಟಿಸ್ ಬಗ್ಗೆ ಒಂದs ಪ್ರಶ್ನೆ ಕೇಳಿದ್ರು, ಇಷ್ಟs ಗೊತ್ತು ಅಂದೆ. ಆಮ್ಯಾಲ ಆ 50 ನಿಮಿಷದ ರಿಪೋರ್ಟ್ ಬಗ್ಗೆ ಅರ್ಧಾ ತಾಸು ಕೇಳಿದ್ರು."

"ಏನಂದ್ರು ಕಡೀಕ?"

"ಹೇಳ್ತೀವಿ ಅಂದಾರ್ರಿ."

ಇದನ್ನು ಬರೆಯುವ ಹೊತ್ತಿಗೆ ಅವರಿನ್ನೂ ಹೇಳಿಲ್ಲ. ಹುಡುಗ ಮಾತ್ರ ಮುಂದಿನ ರವಿವಾರ ಲಕ್ಕುಂಡಿಗೆ ಹೋಗೋಣ ಅಂದಿದ್ದಾನೆ, ಬೈಕಿನ ಪೆಟ್ರೋಲು ಅವನದೇ ಅಂತೆ.